ಕರ್ಣಧಾರನ ಕಿಟಕಿ

ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನವನ್ನು ನೆನೆಸಿಕೊಳ್ಳಿ. ಗೊತ್ತಾದ ಗಂಟೆಗೆ ಸರಿಯಾಗಿ ನಾಡಿನ ಮೂಲೆಮೂಲೆಗಳಿಂದ ಲಕ್ಷಾಂತರ ವಿದ್ಯಾರ್ಥಿಗಳು ಒಂದೇ ಪುಟವನ್ನು ತೆರೆಯಲು ಮುನ್ನುಗ್ಗುತ್ತಾರೆ. ಹಿಂದಿನ ದಿನ ಆ ಪುಟವನ್ನು ನೋಡಿದವರು ಬೆರಳೆಣಿಕೆಯಷ್ಟು ಮಂದಿ. ಮರುದಿನ ನೋಡುವವರೂ ಅಷ್ಟೇ. ನಡುವಣ ಒಂದೆರಡು ಗಂಟೆಗಳ ಕಾಲ ಮಾತ್ರ ಅಣೆಕಟ್ಟಿನ ತೂಬುಗಳನ್ನೆಲ್ಲ ಒಮ್ಮೆಗೇ ಎತ್ತಿದಂತೆ ಬೇಡಿಕೆಯ ಪ್ರವಾಹ ಧುಮ್ಮಿಕ್ಕುತ್ತದೆ. ಇಷ್ಟು ಮಂದಿಗೆ ಒಂದೇ ಗಣಕಯಂತ್ರ ಉತ್ತರ ಕೊಡಲಾರದು. ಹಾಗಾದರೆ ನೂರು ಗಣಕಗಳನ್ನು ಸಾಲಾಗಿ ನಿಲ್ಲಿಸಿದರೆ ಸಾಕೆ? ಯಾವುದಕ್ಕೆ ಎಷ್ಟು ಕೆಲಸವನ್ನು ಹಂಚಬೇಕು? ಒಂದು ಕೆಟ್ಟು ನಿಂತರೆ ಅದರ ಹೊರೆಯನ್ನು ಯಾವುದು ಹೊರಬೇಕು? ಎಲ್ಲಕ್ಕಿಂತ ಮಿಗಿಲಾಗಿ, ಇದೆಲ್ಲ ಸರಿಯಾಗಿ ನಡೆಯುತ್ತಿದೆಯೆ ಎಂಬುದನ್ನು ಅದರ ಮೇಲ್ವಿಚಾರಕನು ತಿಳಿಯುವುದು ಹೇಗೆ?

ಈ ಕಡೆಯ ಪ್ರಶ್ನೆಯೇ ನಮ್ಮ ಲೇಖನದ ವಿಷಯ. ಗಣಕಗಳ ದೊಡ್ಡದೊಂದು ಗುಂಪನ್ನು ಒಂದೇ ಪರದೆಯ ಮೇಲೆ ನೋಡಲು ಅನುವು ಮಾಡಿಕೊಡುವ ಸೂಚಕ ಫಲಕವೊಂದುಂಟು. ಅದನ್ನು ಡ್ಯಾಶ್‌ಬೋರ್ಡ್ ಎನ್ನುತ್ತಾರೆ. ಅದನ್ನು ಸ್ಥಾಪಿಸುವುದು ಕೆಲವೇ ನಿಮಿಷಗಳ ಕೆಲಸ. ಆದರೆ ಅಜಾಗರೂಕತೆಯಿಂದ ಸ್ಥಾಪಿಸಿದವರು ಕಳ್ಳನಿಗೆ ಮನೆಯ ಬೀಗದ ಕೈಯನ್ನೇ ಕೊಟ್ಟಂತಾದದ್ದೂ ಉಂಟು. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಮೊದಲು ಆ ಗುಂಪಿನ ರಚನೆಯನ್ನು ಅರಿಯಬೇಕು.

ಪೆಟ್ಟಿಗೆಯ ಮಹಿಮೆ

1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂಅರ್ಕ್ ಬಂದರಿನಿಂದ ‘ಐಡಿಯಲ್ ಎಕ್ಸ್’ ಎಂಬ ಹಡಗು ಹ್ಯೂಸ್ಟನ್ ಪಟ್ಟಣಕ್ಕೆ ಹೊರಟಿತು. ಹಳೆಯ ತೈಲವಾಹಕವೊಂದನ್ನು ಮಾರ್ಪಡಿಸಿ ಮಾಡಿದ ಹಡಗು ಅದು. ಅದರ ಮೇಲೆ ಒಂದೇ ಮಾದರಿಯ 58 ಲೋಹದ ಪೆಟ್ಟಿಗೆಗಳಿದ್ದುವು. ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಸಾಗಣೆಯ ಉದ್ಯಮಿಯ ಯೋಜನೆ ಇದು. ಅದುವರೆಗೆ ಮೂಟೆ, ಪೀಪಾಯಿ, ಕಟ್ಟುಗಳನ್ನು ಕೂಲಿಗಳು ಒಂದೊಂದಾಗಿ ಹೊತ್ತು ಹಡಗಿಗೆ ತುಂಬುತ್ತಿದ್ದರು. ಒಂದು ಟನ್ ಸರಕನ್ನು ಹಾಗೆ ತುಂಬಲು ಆಗ ಸುಮಾರು 5.86 ಡಾಲರು ತಗಲುತ್ತಿತ್ತು. ಪೆಟ್ಟಿಗೆಗಳ ವಿಧಾನದಲ್ಲಿ ಅದು 16 ಸೆಂಟುಗಳಿಗೂ ಕಡಮೆಯಾಯಿತೆಂದು ಲೆಕ್ಕ ಹಾಕಿದರು. ಕಾರಣವೇನು? ಪೆಟ್ಟಿಗೆಯೊಳಗೆ ಅಕ್ಕಿಯಿರಲಿ, ಗಡಿಯಾರಗಳಿರಲಿ, ಎತ್ತುವ ಯಂತ್ರಕ್ಕೆ ಅದರ ಗೊಡವೆಯಿಲ್ಲ. ಹೊರಗಿನ ಅಳತೆ ಒಂದೇ ಆಗಿದ್ದರೆ ಸಾಕು.

ಗಣಕ ಜಗತ್ತಿನಲ್ಲಿಯೂ ಇಂಥದೇ ತೊಡಕಿತ್ತು. ಒಂದು ಗಣಕದಲ್ಲಿ ಸರಾಗವಾಗಿ ನಡೆಯುವ ಪ್ರೋಗ್ರಾಮು ಇನ್ನೊಂದಕ್ಕೆ ಒಯ್ದೊಡನೆ ಮುಷ್ಕರ ಹೂಡುತ್ತದೆ. ಅದಕ್ಕೆ ಬೇಕಾದ ಸಹಾಯಕ ಕಡತಗಳು ಅಲ್ಲಿರುವುದಿಲ್ಲ, ಇದ್ದರೂ ಬೇರೊಂದು ಆವೃತ್ತಿಯವು ಆಗಿರುತ್ತವೆ. ಇದಕ್ಕೆ ಪರಿಹಾರ, ಪ್ರೋಗ್ರಾಮನ್ನೂ ಅದರ ಪರಿವಾರವನ್ನೂ ಒಟ್ಟಿಗೆ ಒಂದು ಪೆಟ್ಟಿಗೆಯಲ್ಲಿಟ್ಟು ಸಾಗಿಸುವುದು. ಈ ಪೆಟ್ಟಿಗೆಗೆ ಕಂಟೇನರು ಎಂದೇ ಹೆಸರು. ಒಂದು ಪ್ರೋಗ್ರಾಮಿಗೆ ಕಡತಗಳ ಒಂದು ಮೂಲೆಯನ್ನು ಮಾತ್ರ ತೋರಿಸಿ ಉಳಿದುದನ್ನು ಮರೆಮಾಡುವ ಉಪಾಯ 1979ರಷ್ಟು ಹಿಂದೆಯೇ ಯೂನಿಕ್ಸ್ ವ್ಯವಸ್ಥೆಯಲ್ಲಿ ಬಂದಿತ್ತು. ಒಂದು ಪ್ರೋಗ್ರಾಮು ಇಷ್ಟೇ ಸ್ಮರಣೆಯನ್ನು, ಇಷ್ಟೇ ಗಣನ ಶಕ್ತಿಯನ್ನು ಬಳಸತಕ್ಕದ್ದು ಎಂದು ಮಿತಿ ಹಾಕುವ ಏರ್ಪಾಟು 2008ರಲ್ಲಿ ಲಿನಕ್ಸಿಗೆ ಸೇರಿತು. 2013ರಲ್ಲಿ ಸಾಲೊಮನ್ ಹೈಕ್ಸ್ ಲೋಕದ ಮುಂದಿಟ್ಟ ಡಾಕರ್ ಎಂಬ ಸಾಧನವು ಇಂಥ ಉಪಾಯಗಳನ್ನೆಲ್ಲ ಒಗ್ಗೂಡಿಸಿ, ಪೆಟ್ಟಿಗೆಯನ್ನು ಕಟ್ಟುವುದನ್ನೂ ಬಿಚ್ಚುವುದನ್ನೂ ಯಾರಾದರೂ ಮಾಡಬಹುದಾದಷ್ಟು ಸುಲಭಗೊಳಿಸಿತು.

ಹಡಗಿನ ಚುಕ್ಕಾಣಿ

ಪೆಟ್ಟಿಗೆಗಳು ಹತ್ತಿದ್ದಾಗ ಒಬ್ಬನೇ ನೋಡಿಕೊಳ್ಳಬಹುದು. ಹತ್ತು ಸಾವಿರವಾದಾಗ? ಗೂಗಲ್ ಸಂಸ್ಥೆಯವರು ತಮ್ಮ ಒಳಬಳಕೆಗಾಗಿ ‘ಬೋರ್ಗ್’ ಎಂಬ ವ್ಯವಸ್ಥೆಯನ್ನು ಕಟ್ಟಿಕೊಂಡಿದ್ದರು. ಆ ಅನುಭವದ ಆಧಾರದ ಮೇಲೆ ಎಲ್ಲರೂ ಬಳಸಬಹುದಾದ ಹೊಸ ವ್ಯವಸ್ಥೆಯೊಂದನ್ನು 2014ರ ಜೂನ್ ತಿಂಗಳಿನಲ್ಲಿ ಪ್ರಕಟಿಸಿದರು. ಅದರ ಹೆಸರು ಕುಬರ್ನೆಟೀಸ್. 2015ರ ಜುಲೈನಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಹೊರಬಂದಿತು.

ಈ ಹೆಸರು ಗ್ರೀಕ್ ಭಾಷೆಯದು. ಅರ್ಥ, ಹಡಗಿನ ಚುಕ್ಕಾಣಿ ಹಿಡಿದವನು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕರ್ಣಧಾರ. ಇದೇ ಮೂಲದಿಂದ 1948ರಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ ‘ಸೈಬರ್ನೆಟಿಕ್ಸ್’ ಎಂಬ ಶಾಸ್ತ್ರದ ಹೆಸರನ್ನು ಪಡೆದನು. ಇದೇ ಮೂಲ ಲ್ಯಾಟಿನ್ ಭಾಷೆಯ ಮೂಲಕ ಹಾದು ‘ಗವರ್ನರ್’ ಎಂಬ ಪದವಾಯಿತು. ಜೇಮ್ಸ್ ವಾಟನು 1788ರಲ್ಲಿ ತನ್ನ ಆವಿಯಂತ್ರಕ್ಕೆ ಜೋಡಿಸಿದ ಗವರ್ನರನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಯಂತ್ರದ ವೇಗ ಹೆಚ್ಚಿದರೆ ತಿರುಗುವ ಎರಡು ಗುಂಡುಗಳು ಹೊರಕ್ಕೆ ಸರಿಯುತ್ತವೆ. ಅವು ಸರಿದರೆ ಆವಿಯ ಕವಾಟ ಮುಚ್ಚಿಕೊಳ್ಳುತ್ತದೆ. ವೇಗ ತಾನಾಗಿಯೇ ತಗ್ಗುತ್ತದೆ. ವೇಗ ಇಳಿದರೆ ಇದಕ್ಕೆ ವಿರುದ್ಧವಾದ ಕ್ರಿಯೆ ನಡೆಯುತ್ತದೆ.

ಕುಬರ್ನೆಟೀಸಿನ ಹೃದಯದಲ್ಲಿರುವುದೂ ಇದೇ ತತ್ತ್ವ. ‘ಮೊದಲು ಇದನ್ನು ಮಾಡು, ಅನಂತರ ಅದನ್ನು ಮಾಡು’ ಎಂದು ನಾವು ಅದಕ್ಕೆ ಆಜ್ಞಾಪಿಸುವುದಿಲ್ಲ. ‘ಈ ಪ್ರೋಗ್ರಾಮಿನ ಮೂರು ಪ್ರತಿಗಳು ಯಾವಾಗಲೂ ನಡೆಯುತ್ತಿರಬೇಕು’ ಎಂದು ಬರೆದಿಡುತ್ತೇವೆ. ವ್ಯವಸ್ಥೆಯು ಎಡೆಬಿಡದೆ ಇರುವುದನ್ನು ಇರಬೇಕಾದುದರೊಡನೆ ಹೋಲಿಸುತ್ತದೆ. ಎರಡೇ ಪ್ರತಿಗಳು ಕಂಡರೆ ಇನ್ನೊಂದನ್ನು ಹುಟ್ಟಿಸುತ್ತದೆ. ನಾಲ್ಕು ಕಂಡರೆ ಒಂದನ್ನು ನಿಲ್ಲಿಸುತ್ತದೆ. ಪ್ರತಿಗಳ ಸಂಖ್ಯೆಯನ್ನು ಬೇಡಿಕೆಗೆ ತಕ್ಕಂತೆ ಬದಲಿಸುವ ಅಂಗವೂ ಇದೆ. ಅದರ ಗಣಿತ ಪ್ರೌಢಶಾಲೆಯ ತ್ರೈರಾಶಿಯನ್ನು ಮೀರಿದ್ದಲ್ಲ. ಪ್ರತಿಯೊಂದು ಪ್ರತಿಯೂ ತನ್ನ ಪಾಲಿನ ಶಕ್ತಿಯಲ್ಲಿ ಶೇಕಡ 60ರಷ್ಟನ್ನು ಬಳಸಿದರೆ ಸಾಕೆಂದು ನಾವು ಗೊತ್ತುಮಾಡಿದ್ದೇವೆ ಎನ್ನೋಣ. ಫಲಿತಾಂಶದ ಗಂಟೆ ಬಂತು. 4 ಪ್ರತಿಗಳೂ ಶೇಕಡ 90ರಷ್ಟು ದುಡಿಯುತ್ತಿವೆ. ಆಗ ಬೇಕಾದ ಪ್ರತಿಗಳು 4 ಗುಣಿಸು 90 ಭಾಗಿಸು 60, ಎಂದರೆ 6. ಸಾಮಾನ್ಯವಾಗಿ 15 ಸೆಕೆಂಡುಗಳಿಗೊಮ್ಮೆ ಈ ಲೆಕ್ಕ ನಡೆಯುತ್ತದೆ. ಎರಡು ಹೊಸ ಪ್ರತಿಗಳು ಹುಟ್ಟಿಕೊಳ್ಳುತ್ತವೆ.

ಇನ್ನು ಕೆಲವು ಹೆಸರುಗಳು. ಗುಂಪಿನ ಒಂದೊಂದು ಗಣಕವನ್ನೂ ನೋಡ್ ಎನ್ನುತ್ತಾರೆ. ಅವರೆಕಾಯಿಯ ಸಿಪ್ಪೆಯೊಳಗೆ ಕಾಳುಗಳಿರುವಂತೆ ಒಂದೋ ಹಲವೋ ಕಂಟೇನರುಗಳನ್ನು ಒಳಗೊಂಡ ಘಟಕ ಪಾಡ್. ಎಲ್ಲ ಲಿಖಿತಗಳೂ ಸೇರಿರುವ ದಫ್ತರದ ಹೆಸರು ಎಟ್ಸಿಡಿ. ಈ ದಫ್ತರವನ್ನು ಮುಟ್ಟುವ ಅಧಿಕಾರವಿರುವುದು ಒಬ್ಬನೇ ಗುಮಾಸ್ತನಿಗೆ: ಅವನು ಎಪಿಐ ಸರ್ವರು. ಕೇಳುವವರು ಮನುಷ್ಯರಾಗಲಿ, ವ್ಯವಸ್ಥೆಯ ಇತರ ಅಂಗಗಳಾಗಲಿ, ಎಲ್ಲರೂ ಈ ಗುಮಾಸ್ತನ ಮೇಜಿನ ಮುಂದೆಯೇ ನಿಲ್ಲಬೇಕು. ಈ ಮಾತನ್ನು ಪಾಠಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಫಲಕವನ್ನು ನಿಲ್ಲಿಸುವ ಬಗೆ

ಡ್ಯಾಶ್‌ಬೋರ್ಡ್ ಎಂದರೆ ಮೊದಲಿಗೆ ಕುದುರೆಗಾಡಿಯ ಮುಂಭಾಗದಲ್ಲಿದ್ದ ಹಲಗೆ. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಸವಾರರ ಮೈಮೇಲೆ ಬೀಳದಂತೆ ತಡೆಯುವುದಷ್ಟೇ ಅದರ ಕೆಲಸ. ಕುದುರೆ ಹೋಗಿ ಮೋಟಾರು ಬಂದ ಮೇಲೂ ಹಲಗೆ ಉಳಿಯಿತು. ವೇಗ, ತೈಲ, ಶಾಖಗಳನ್ನು ತೋರಿಸುವ ಮುಳ್ಳುಗಳು ಅದರ ಮೇಲೆ ಬಂದು ಕುಳಿತವು. ಈಗ ಆ ಹೆಸರು ಪರದೆಗೆ ಏರಿದೆ.

ಕುಬರ್ನೆಟೀಸನ್ನು ನಡೆಸುವವರು ಸಾಮಾನ್ಯವಾಗಿ ಅಕ್ಷರಗಳ ಆಜ್ಞೆಗಳನ್ನು ಟೈಪು ಮಾಡಿ ಗುಮಾಸ್ತನೊಡನೆ ಮಾತನಾಡುತ್ತಾರೆ. ಅದಕ್ಕಾಗಿ ಕ್ಯೂಬ್‌ಕಂಟ್ರೋಲ್ ಎಂಬ ಸಾಧನವಿದೆ. ಪಳಗಿದ ಕೈಗೆ ಅದೇ ಸಲೀಸು. ಆದರೆ ಹೊಸಬನಿಗೆ ಸಾಲುಸಾಲಾಗಿ ಹರಿಯುವ ಅಕ್ಷರಗಳಲ್ಲಿ ಒಟ್ಟು ಚಿತ್ರ ಕಾಣದು. ಆದುದರಿಂದಲೇ ಚಿತ್ರ, ಬಣ್ಣ, ಕೋಷ್ಟಕಗಳಲ್ಲಿ ಗುಂಪಿನ ಸ್ಥಿತಿಯನ್ನು ತೋರಿಸುವ ಫಲಕಗಳು ಹುಟ್ಟಿಕೊಂಡವು. ಯೋಜನೆಯ ಹೆಸರನ್ನೇ ಹೊತ್ತ ‘ಕುಬರ್ನೆಟೀಸ್ ಡ್ಯಾಶ್‌ಬೋರ್ಡ್’ ಬಹುಕಾಲ ಎಲ್ಲರ ಬಳಕೆಯಲ್ಲಿತ್ತು. ನೋಡಿಕೊಳ್ಳುವವರು ಸಾಲದೆ ಅದರ ಕೆಲಸ ಈಗ ನಿಂತಿದೆ; ಹೊಸದಾಗಿ ತೊಡಗುವವರಿಗೆ ‘ಹೆಡ್‌ಲ್ಯಾಂಪ್’ ಎಂಬ ಫಲಕವನ್ನು ಸೂಚಿಸುತ್ತಾರೆ. ಹೆಸರು ಬೇರೆಯಾದರೂ ಎರಡರ ತತ್ತ್ವವೂ ಒಂದೇ.

ಸ್ಥಾಪನೆಯ ಹೆಜ್ಜೆಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು, ಫಲಕವನ್ನು ತರುವುದು. ಹೆಲ್ಮ್ ಎಂಬ ಸಾಧನಕ್ಕೆ ಫಲಕದ ಹೆಸರನ್ನು ಹೇಳಿದರೆ ಅದು ಬೇಕಾದ ಲಿಖಿತಗಳನ್ನೆಲ್ಲ ತಂದು ಗುಮಾಸ್ತನ ಮುಂದಿಡುತ್ತದೆ. ಇಲ್ಲೊಂದು ಸ್ವಾರಸ್ಯವುಂಟು: ಗುಂಪನ್ನು ತೋರಿಸುವ ಈ ಫಲಕವೂ ಸಾಮಾನ್ಯವಾಗಿ ಅದೇ ಗುಂಪಿನೊಳಗಿನ ಒಂದು ಪಾಡ್ ಆಗಿಯೇ ವಾಸಿಸುತ್ತದೆ. ಅದು ಸತ್ತರೆ ಉಳಿದವುಗಳಂತೆಯೇ ಮತ್ತೆ ಹುಟ್ಟುತ್ತದೆ.

ಎರಡನೆಯದು, ಫಲಕದವರೆಗೆ ದಾರಿ. ಗುಂಪಿನ ಒಳಗಿರುವ ಪಾಡನ್ನು ಹೊರಗಿನವರು ನೇರವಾಗಿ ಮುಟ್ಟಲಾರರು, ಹಾಗಿರುವುದೇ ಒಳ್ಳೆಯದು. ಕ್ಯೂಬ್‌ಕಂಟ್ರೋಲಿಗೆ ಹೇಳಿದರೆ ಅದು ನಮ್ಮ ಮೇಜಿನ ಮೇಲಿನ ಗಣಕದಿಂದ ಫಲಕದವರೆಗೆ ತಾತ್ಕಾಲಿಕವಾದ ಸುರಂಗವೊಂದನ್ನು ತೋಡುತ್ತದೆ. ಸುರಂಗದ ಬಾಯಿ ತೆರೆಯುವುದು ನಮ್ಮ ಗಣಕದಲ್ಲಿ ಮಾತ್ರ. ಆಜ್ಞೆಯನ್ನು ನಿಲ್ಲಿಸಿದೊಡನೆ ಸುರಂಗವೂ ಮುಚ್ಚಿಹೋಗುತ್ತದೆ.

ಮೂರನೆಯದು, ಗುರುತಿನ ಚೀಟಿ. ಫಲಕದ ಪರವಾಗಿ ಒಂದು ಸೇವಾಖಾತೆಯನ್ನು ತೆರೆದು, ಅದಕ್ಕೆ ಇಂತಿಂಥ ಅಧಿಕಾರವೆಂದು ಬರೆದುಕೊಡಬೇಕು. ಅನಂತರ ಆ ಖಾತೆಯ ಹೆಸರಿನಲ್ಲಿ ಟೋಕನ್ ಎಂಬ ಉದ್ದನೆಯ ಅಕ್ಷರಮಾಲೆಯನ್ನು ಪಡೆದು ಫಲಕದ ಮುಂದೆ ಹಿಡಿಯಬೇಕು. ಗುಂಪಿನ ಗುಪ್ತ ಕೀಲಿಯಿಂದ ಮೊಹರಾದ ಚೀಟಿ ಅದು. ನಡುವೆ ಒಂದಕ್ಷರವನ್ನು ತಿದ್ದಿದರೂ ಮೊಹರು ಹೊಂದುವುದಿಲ್ಲ. ಗುಮಾಸ್ತನು ಹಿಂದಕ್ಕೆ ಕಳುಹಿಸುತ್ತಾನೆ. ಬೇರೆ ಅವಧಿಯನ್ನು ಹೇಳದಿದ್ದರೆ ಒಂದು ಗಂಟೆಯ ಅನಂತರ ಚೀಟಿ ತಾನಾಗಿಯೇ ರದ್ದಾಗುತ್ತದೆ. ಇಷ್ಟಾದರೆ ಫಲಕ ತೆರೆಯಿತು.

ಫಲಕವನ್ನು ಓದುವ ಕಲೆ

ತೆರೆದ ಫಲಕದಲ್ಲಿ ಕಾಣುವುದೇನು? ನೋಡುಗಳ ಪಟ್ಟಿ, ಪಾಡುಗಳ ಪಟ್ಟಿ, ಒಂದೊಂದೂ ಬಳಸುತ್ತಿರುವ ಸ್ಮರಣೆ ಮತ್ತು ಗಣನ ಶಕ್ತಿ. ಗಣನ ಶಕ್ತಿಯನ್ನು ಮಿಲಿ ಎಂಬ ಮಾನದಲ್ಲಿ ಅಳೆಯುತ್ತಾರೆ. ಸಂಸ್ಕಾರಕದ ಒಂದು ಪೂರ್ಣ ತಿರುಳೆಂದರೆ 1000 ಮಿಲಿ. 250 ಮಿಲಿ ಎಂದಿದ್ದರೆ ಕಾಲು ಪಾಲು. ಪದೇ ಪದೇ ಮುರಿದು ಬೀಳುವ ಪಾಡಿನ ಎದುರು ಕೆಂಪು ಗುರುತು ಕಾಣುತ್ತದೆ. ಅಂಥದನ್ನು ವ್ಯವಸ್ಥೆಯು ಒಡನೊಡನೆ ಎಬ್ಬಿಸುತ್ತಲೇ ಹೋಗುವುದಿಲ್ಲ. ಮೊದಲು 10 ಸೆಕೆಂಡು, ಅನಂತರ 20, 40, 80 ಎಂದು ಕಾಯುವ ಕಾಲವನ್ನು ಇಮ್ಮಡಿಸುತ್ತ ಹೋಗಿ 300 ಸೆಕೆಂಡುಗಳಿಗೆ ನಿಲ್ಲಿಸುತ್ತದೆ. ಕೆಟ್ಟ ಯಂತ್ರವನ್ನು ಬಿಡುವಿಲ್ಲದೆ ಎಬ್ಬಿಸುವ ಶ್ರಮದಲ್ಲಿ ಒಳ್ಳೆಯವು ಬಳಲಬಾರದಲ್ಲವೆ?

ಆದರೆ ಫಲಕ ಹೇಳುವುದೆಲ್ಲ ಈ ಕ್ಷಣದ ಸತ್ಯವೆಂದು ನಂಬುವಂತಿಲ್ಲ. ನಾವು ನೋಡುವ ಸೂರ್ಯ ಸುಮಾರು ಎಂಟು ನಿಮಿಷಗಳ ಹಿಂದಿನ ಸೂರ್ಯನೆಂಬುದನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಇಲ್ಲಿಯೂ ಹಾಗೆಯೇ. ಪ್ರತಿಯೊಂದು ನೋಡೂ ಸುಮಾರು 10 ಸೆಕೆಂಡುಗಳಿಗೊಮ್ಮೆ ‘ನಾನು ಬದುಕಿದ್ದೇನೆ’ ಎಂಬ ವರ್ತಮಾನವನ್ನು ಕಳುಹಿಸುತ್ತದೆ. ಒಂದು ನೋಡಿಗೆ ವಿದ್ಯುತ್ತು ನಿಂತಿತೆನ್ನಿ. ವರ್ತಮಾನ ಬರಲಿಲ್ಲವೆಂದು ಗುಂಪು ಕೂಡಲೇ ಗಾಬರಿಯಾಗುವುದಿಲ್ಲ. ಜಾಲದಲ್ಲಿ ಕ್ಷಣಕಾಲದ ಅಡಚಣೆಯಿರಬಹುದೆಂದು 40ರಿಂದ 50 ಸೆಕೆಂಡು ಕಾಯುತ್ತದೆ. ಅಷ್ಟು ಹೊತ್ತೂ ಸತ್ತ ಗಣಕವು ಫಲಕದಲ್ಲಿ ಹಸುರಾಗಿಯೇ ಕಾಣುತ್ತಿರುತ್ತದೆ. ಆಮೇಲೆ ಅದನ್ನು ‘ಸಿದ್ಧವಿಲ್ಲ’ ಎಂದು ಬರೆದುಕೊಂಡರೂ, ಅದರ ಮೇಲಿದ್ದ ಪಾಡುಗಳನ್ನು ತೆಗೆದು ಬೇರೆಡೆ ಹೊಸವನ್ನು ಹುಟ್ಟಿಸಲು ಸಾಮಾನ್ಯವಾಗಿ ಇನ್ನೂ ಐದು ನಿಮಿಷ ಬಿಡುತ್ತದೆ. ಫಲಕವು ಓದುವುದು ಗುಮಾಸ್ತನ ದಫ್ತರವನ್ನು, ಯಂತ್ರದ ನಾಡಿಯನ್ನಲ್ಲ. ಈ ಭೇದವನ್ನು ಅರಿತವನು ಮಾತ್ರ ಫಲಕವನ್ನು ಸರಿಯಾಗಿ ಓದಬಲ್ಲನು.

ಕಿಟಕಿಯಿಂದ ಒಳನುಗ್ಗಿದವರು

ಈಗ ಆರಂಭದಲ್ಲಿ ಹೇಳಿದ ಅಪಾಯಕ್ಕೆ ಬರೋಣ. 2018ರ ಫೆಬ್ರವರಿಯಲ್ಲಿ ರೆಡ್‌ಲಾಕ್ ಎಂಬ ಭದ್ರತಾ ಸಂಸ್ಥೆಯವರು ಒಂದು ಸಂಗತಿಯನ್ನು ಪ್ರಕಟಿಸಿದರು. ವಿದ್ಯುತ್ ಮೋಟಾರುಗಳನ್ನು ತಯಾರಿಸುವ ಟೆಸ್ಲಾ ಸಂಸ್ಥೆಗೆ ಸೇರಿದ ಕುಬರ್ನೆಟೀಸ್ ಗುಂಪೊಂದರ ಆಡಳಿತ ಫಲಕವು ಗುಪ್ತಪದವಿಲ್ಲದೆ ಅಂತರಜಾಲಕ್ಕೆ ತೆರೆದುಕೊಂಡಿತ್ತು. ಒಳಹೊಕ್ಕ ಕಳ್ಳರು ಏನನ್ನೂ ಒಡೆಯಲಿಲ್ಲ, ಯಾವ ಗದ್ದಲವನ್ನೂ ಮಾಡಲಿಲ್ಲ. ತಮ್ಮವೇ ಕೆಲವು ಕಂಟೇನರುಗಳನ್ನು ನಡೆಯಿಸಿ, ಪರರ ವಿದ್ಯುತ್ತಿನಲ್ಲಿ, ಪರರ ಯಂತ್ರಗಳಲ್ಲಿ, ತಮಗೆ ಬೇಕಾದ ಡಿಜಿಟಲ್ ನಾಣ್ಯಗಳನ್ನು ಗಣಿಸಿಕೊಳ್ಳತೊಡಗಿದರು. ಸಂಶಯ ಬಾರದಿರಲೆಂದು ಗಣನ ಶಕ್ತಿಯ ಬಳಕೆಯನ್ನು ತಗ್ಗಿಸಿಯೇ ಇಟ್ಟಿದ್ದರು. ಅಷ್ಟೇ ಅಲ್ಲ; ಒಂದು ಪಾಡಿನೊಳಗೆ ಸಂಸ್ಥೆಯ ಬೇರೊಂದು ಉಗ್ರಾಣದ ಬೀಗದ ಕೈಗಳೂ ಸಿಕ್ಕುವಂತಿದ್ದುವು. ವಿಷಯ ತಿಳಿದ ಕೆಲವೇ ಗಂಟೆಗಳಲ್ಲಿ ಲೋಪವನ್ನು ಸರಿಪಡಿಸಲಾಯಿತು. ಗಿರಾಕಿಗಳ ಮಾಹಿತಿಗಾಗಲಿ ವಾಹನಗಳ ಸುರಕ್ಷತೆಗಾಗಲಿ ಧಕ್ಕೆ ಬಂದ ಕುರುಹಿಲ್ಲವೆಂದು ಸಂಸ್ಥೆ ತಿಳಿಸಿತು.

ಫಲಕದ ಮೂಲಕ ಇಷ್ಟೆಲ್ಲ ಸಾಧ್ಯವಾದದ್ದು ಹೇಗೆ? ಎಲ್ಲರೂ ಗುಮಾಸ್ತನ ಮೇಜಿನ ಮುಂದೆ ನಿಲ್ಲಬೇಕೆಂದೆವಲ್ಲವೆ? ಫಲಕವೂ ಅಲ್ಲಿಯೇ ನಿಲ್ಲುತ್ತದೆ. ಗುಮಾಸ್ತನು ನೋಡುವುದು ಚೀಟಿಯನ್ನೇ ಹೊರತು ಅದನ್ನು ಹಿಡಿದ ಕೈಯನ್ನಲ್ಲ. ಕುಬರ್ನೆಟೀಸ್ ಡ್ಯಾಶ್‌ಬೋರ್ಡಿನ ಹಳೆಯ ಆವೃತ್ತಿಗಳಲ್ಲಿ ಫಲಕದ ಸ್ವಂತ ಖಾತೆಗೇ ಗುಂಪಿನ ಸರ್ವಾಧಿಕಾರವಿರುತ್ತಿತ್ತು. ಫಲಕವನ್ನು ತಲಪಿದವನಿಗೆಲ್ಲ ಆ ಅಧಿಕಾರ ಎರವಲಾಗಿ ಸಿಕ್ಕುತ್ತಿತ್ತು. 2017ರಲ್ಲಿ ಬಂದ 1.7ನೆಯ ಆವೃತ್ತಿ ಈ ಅಧಿಕಾರವನ್ನು ಕನಿಷ್ಠಕ್ಕೆ ಇಳಿಸಿತು. ಆಮೇಲೂ ದೋಷಗಳು ಮುಗಿಯಲಿಲ್ಲ. ಗುರುತನ್ನೇ ತೋರಿಸದೆ ಒಳಹೋಗಿ, ಫಲಕದ ಖಾತೆಯ ಹೆಸರಿನಲ್ಲಿ ರಹಸ್ಯಗಳನ್ನು ಓದಲು ಅವಕಾಶವಿದ್ದ ಬಿರುಕೊಂದು 2018ರಲ್ಲಿ ಬೆಳಕಿಗೆ ಬಂದು, 1.10.1ನೆಯ ಆವೃತ್ತಿಯಲ್ಲಿ ಮುಚ್ಚಲ್ಪಟ್ಟಿತು.

ಇದರಿಂದ ಕಲಿಯಬೇಕಾದ ಪಾಠಗಳು ಮೂರು. ಮೊದಲನೆಯದು, ಫಲಕವನ್ನು ಬೀದಿಗೆ ತೆರೆದಿಡಬಾರದು. ಬೇಕಾದಾಗ ಸುರಂಗ ತೋಡಿ ನೋಡಿ ಮುಚ್ಚಬೇಕು. ಎರಡನೆಯದು, ನೋಡುವವನಿಗೆ ನೋಡುವಷ್ಟೇ ಅಧಿಕಾರ ಸಾಕು. ಕುಬರ್ನೆಟೀಸಿನಲ್ಲಿ ಇದಕ್ಕೆಂದೇ ‘ವ್ಯೂ’ ಎಂಬ ಸಿದ್ಧ ಪಾತ್ರವಿದೆ. ಅದನ್ನು ಪಡೆದವನು ಪಾಡುಗಳ ಸ್ಥಿತಿಯನ್ನು ನೋಡಬಲ್ಲನು. ಯಾವುದನ್ನೂ ಅಳಿಸಲಾರನು, ಗುಪ್ತಪದಗಳನ್ನಿಟ್ಟ ರಹಸ್ಯ ಪೆಟ್ಟಿಗೆಗಳನ್ನು ತೆರೆಯಲಾರನು. ಆದರೂ ಹಲವರು ‘ಈಗಿಗೆ ಇರಲಿ, ಆಮೇಲೆ ತಗ್ಗಿಸೋಣ’ ಎಂದು ಸರ್ವಾಧಿಕಾರದ ಪಾತ್ರವನ್ನೇ ಬರೆದುಕೊಡುತ್ತಾರೆ. ಆ ‘ಆಮೇಲೆ’ ಬರುವುದು ಅಪರೂಪ. ಮೂರನೆಯದು, ಚೀಟಿಯ ಆಯುಸ್ಸು ಚಿಕ್ಕದಾಗಿರಬೇಕು. ಎಂದೋ ಕೊಟ್ಟು ಮರೆತ ಚೀಟಿಗಿಂತ ಗಂಟೆಯಲ್ಲಿ ಸಾಯುವ ಚೀಟಿ ಮೇಲು.

ನೀವೇ ಮಾಡಿ ನೋಡಿ

ಇದನ್ನೆಲ್ಲ ಪರೀಕ್ಷಿಸಲು ನೂರು ಗಣಕಗಳು ಬೇಕಾಗಿಲ್ಲ. ಮಿನಿಕ್ಯೂಬ್ ಎಂಬ ಉಚಿತ ಸಾಧನವು ಒಂದೇ ಗಣಕದೊಳಗೆ ಪುಟ್ಟ ಗುಂಪೊಂದನ್ನು ನಿರ್ಮಿಸಿಕೊಡುತ್ತದೆ. ಎರಡು ತಿರುಳುಗಳ ಸಂಸ್ಕಾರಕ, ಬಿಡುವಾಗಿರುವ 2 ಗಿಗಾಬೈಟ್ ಸ್ಮರಣೆ, 20 ಗಿಗಾಬೈಟ್ ಸಂಗ್ರಹ ಸ್ಥಳ ಇಷ್ಟಿದ್ದರೆ ಸಾಕು. ಕಾಲೇಜಿನ ಪ್ರಯೋಗಾಲಯದ ಸಾಮಾನ್ಯ ಗಣಕದಲ್ಲಿ ಇಷ್ಟು ಇದ್ದೇ ಇರುತ್ತದೆ. ಅದರಲ್ಲಿ ಒಂದು ಸಣ್ಣ ಪ್ರೋಗ್ರಾಮಿನ ಮೂರು ಪ್ರತಿಗಳನ್ನು ನಡೆಯಿಸಿ, ಫಲಕವನ್ನು ತೆರೆದು, ಒಂದು ಪಾಡನ್ನು ನಿಮ್ಮ ಕೈಯಿಂದಲೇ ಅಳಿಸಿ. ಕಣ್ಣಿಟ್ಟು ನೋಡಿ: ಅಳಿಸಿದ ಪಾಡು ಮರೆಯಾಗುವಷ್ಟರಲ್ಲಿ ಹೊಸ ಹೆಸರಿನ ಇನ್ನೊಂದು ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ವಾಟನ ಗುಂಡುಗಳು ಕವಾಟವನ್ನು ತೆರೆದುದನ್ನು ನೀವು ಪರದೆಯ ಮೇಲೆ ಕಂಡಂತಾಯಿತು. ಅನಂತರ ‘ವ್ಯೂ’ ಪಾತ್ರದ ಚೀಟಿಯೊಂದನ್ನು ಪಡೆದು, ಅದರಿಂದ ಒಳಹೊಕ್ಕು, ಅದೇ ಪಾಡನ್ನು ಅಳಿಸಲು ಯತ್ನಿಸಿ. ಈ ಸಲ ಗುಮಾಸ್ತನು ತಲೆಯಾಡಿಸುವುದಿಲ್ಲ. ನಿಮಗೆ ಅಧಿಕಾರವಿಲ್ಲವೆಂದು ಹೇಳಿ ಹಿಂದಕ್ಕೆ ಕಳುಹಿಸುತ್ತಾನೆ.

ಮೊದಲನೆಯ ಪ್ರಯೋಗ ಯಂತ್ರದ ಶಕ್ತಿಯನ್ನು ತೋರಿಸುತ್ತದೆ. ಎರಡನೆಯದು ಆ ಶಕ್ತಿಗೆ ಹಾಕಬೇಕಾದ ಕಡಿವಾಣವನ್ನು. ಇಂದಿನ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಆಸ್ಪತ್ರೆಗಳ, ಬ್ಯಾಂಕುಗಳ, ರೈಲ್ವೆಗಳ ಗಣಕಗಳನ್ನು ನೋಡಿಕೊಳ್ಳುವವರಾಗುತ್ತಾರೆ. ಅವರು ತೆರೆಯುವ ಒಂದೊಂದು ಕಿಟಕಿಯ ಹಿಂದೆಯೂ ಸಾವಿರಾರು ಜನರ ವಿಷಯವಿರುತ್ತದೆ. ಕಿಟಕಿ ಬೇಕು; ಬೆಳಕಿಲ್ಲದೆ ಯಾರೂ ಚುಕ್ಕಾಣಿ ಹಿಡಿಯಲಾರರು. ಆದರೆ ಕಿಟಕಿಯನ್ನಿಟ್ಟ ದಿನವೇ ಅದಕ್ಕೆ ಸರಳುಗಳನ್ನೂ ಇಡಬೇಕು.